ಮೂಡಲ ಬಾಗಿಲಿನ ಬಸ್ಸು

ನವೆಂಬರ್ ೯, ಭಾನುವಾರ

…ಅದಕ್ಕೇ ಮತ್ತೆ ಮೊದಲಿನಿಂದ ಹೇಳ್ತಿದ್ದೀನಿ, ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಹೇಳೋನೂ ನಾನೇ ಕೇಳೋನೂ ನಾನೇ. ಮೊದಲ ಸಲ ಹೇಳಿದ್ದು ಕೈತಪ್ಪಿ ಅಳಿಸಿಹೋಯ್ತು. ಎರಡನೇ ಸಲ ಅರ್ಧ ಗಂಟೆ ಮಾತಾಡಿ ನೋಡಿದರೆ ಫೋನಿನಲ್ಲಿ ರೆಕಾರ್ಡ್ ಮಾಡೋ ಕೆಂಪು ಬಟನ್ನೇ ಒತ್ತಿರಲಿಲ್ಲ. ಐವತ್ತು ವರ್ಷದ ಶಿವರಾಮು, ಫ್ಯಾಕ್ಟರಿ ಬಸ್ಸಿನ ಡ್ರೈವರು, ಗಾಡಿ ಸ್ಟಾರ್ಟ್ ಮಾಡದೆ ಗೇರ್ ಹಾಕ್ಕೊಂಡು ಕೂತಿದ್ದ ಅಂತ ಇಟ್ಟುಕೊಳ್ಳಿ.

ಇರಲಿ. ನಾನು ಈಗ ಇರೋದು ಭೀಮನಬೀಡಿನ ಹೊರಗೆ, ಅಪ್ಪನಿಂದ ಬಂದ ಅರ್ಧ ಎಕರೆಯಲ್ಲಿ, ಒಂದು ಬಸ್ಸಿನೊಳಗೆ. ಬದನಗುಪ್ಪೆಯ ಫ್ಯಾಕ್ಟರಿಗೆ ಜನರನ್ನು ಕರೆದುಕೊಂಡು ಹೋಗ್ತಿದ್ದ ಬಸ್ಸು ಇದೇ. ವಯಸ್ಸಾಯ್ತು ಅಂತ ಬಸ್ಸನ್ನು ಗುಜರಿಗೆ ಹಾಕಿದರು, ಜೊತೆಗೆ ನನ್ನನ್ನೂ ಇಳಿಸಿದರು. ನಾನು ಹೋಗಿ ಗುಜರಿಯಿಂದ ಬಸ್ಸನ್ನು ಕೊಂಡು ತಂದೆ. ನನ್ನನ್ನು ಕೊಂಡು ಹೋಗೋಕೆ ಯಾರೂ ಬರಲಿಲ್ಲ.

ಬಸ್ಸು ಓಡಿಸುವಾಗ ಪಕ್ಕದ ಬಾನೆಟ್ ಮೇಲೆ ಯಾರಾದರೂ ಒಬ್ಬರು ಕೂತಿರ್ತಿದ್ದರು, ಮಾತಾಡ್ತಾ ಹೋಗ್ತಿದ್ದೆ. ಈಗ ಬಾನೆಟ್ ಮೇಲೆ ಈರುಳ್ಳಿ ಬುಟ್ಟಿ ಇದೆ. ಅದು ಕೇಳಿಸಿಕೊಳ್ಳುತ್ತೆ, ಹೂಂಗುಟ್ಟಲ್ಲ. ಅದಕ್ಕೇ ಈ ಫೋನು.

ಮನೆ ಅಂದರೆ ಎಲ್ಲಾ ಇದೆ. ಗ್ಯಾಸ್ ಒಲೆ ಇದೆ, ಡ್ರಮ್ಮಿನಲ್ಲಿ ನೀರಿದೆ, ಹಿಂದುಗಡೆ ತಗಡಿನ ಕಕ್ಕಸು ಇದೆ. ಸೀಟುಗಳನ್ನು ಕಿತ್ತು ಉದ್ದಕ್ಕೆ ಮಂಚ ಮಾಡಿಕೊಂಡಿದ್ದೀನಿ. ತಲೆ ಹಿಂದಿನ ಗಾಜಿನ ಕಡೆ, ಕಾಲು ಸ್ಟೀರಿಂಗ್ ಕಡೆ. ನಿದ್ದೆಯಲ್ಲೂ ಬ್ರೇಕ್ ಒತ್ತಬಹುದು. ಕರೆಂಟ್ ಮಾತ್ರ ಕಂಬದಿಂದ ಬರಲ್ಲ. ಕರೆಂಟ್ ಆಫೀಸಿಗೆ ಅರ್ಜಿ ಹಾಕೋಕೆ ಹೋದರೆ ಮನೆ ನಂಬರ್ ಕೇಳಿದರು. ಕೆಎ ಹತ್ತು ಅಂತ ಶುರು ಮಾಡಿದೆ. ಅಲ್ಲಿ ಕೂತಿದ್ದ ಹೆಣ್ಣುಮಗಳು ಪೆನ್ನು ಕೆಳಗಿಟ್ಟು ಪಕ್ಕದವರನ್ನು ಕರೆದಳು, ಇಬ್ಬರೂ ಸೇರಿ ನಕ್ಕರು. ನಾನೂ ನಕ್ಕು ಬಂದೆ. ಆಮೇಲೆ ಗುಂಡ್ಲುಪೇಟೆಯ ವೆಲ್ಡಿಂಗ್ ಹಿದಾಯತ್ ಉಲ್ಲಾ, ನನ್ನ ಹಳೇ ಸ್ನೇಹಿತ, ಛಾವಣಿ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ಸೋಲಾರ್ ಹಾಕಿಕೊಟ್ಟ. ಬಸ್ಸಿನ ಮೂತಿ ಉತ್ತರಕ್ಕೆ ನಿಂತಿದೆ, ಬಾಲ ದಕ್ಷಿಣಕ್ಕೆ. ಪ್ಯಾನೆಲ್ ಬಾಲದ ಕಡೆಗೆ ಓರೆಯಾಗಿ ಬಿಸಿಲು ಕಾಯಿಸ್ತಾ ಮಲಗಿದೆ. ಎರಡು ದೀಪ, ಒಂದು ಫ್ಯಾನು, ಫೋನಿಗೆ ಚಾರ್ಜು, ರಾಜವೈಭೋಗ.

ಬಾಕಿ ಇರೋದು ಒಂದೇ. ಲಕ್ಷ್ಮಿದೇವಿ ಬರಬೇಕು. ಚಾಮರಾಜನಗರದ ಬಾಡಿಗೆ ಮನೆ ಬಿಟ್ಟ ದಿನ ಪಾತ್ರೆಗಳು ಬಸ್ಸಿಗೆ ಬಂದವು, ಹೆಂಡತಿ ಉಮ್ಮತ್ತೂರಿನ ತಂಗಿ ಮನೆಗೆ ಹೋದಳು. "ಮೊದ್ಲು ನೀವು ಮನೆ ಮಾಡಿ, ಆಮೇಲೆ ಬತ್ತೀನಿ" ಅಂದಳು. ಮಾಡಿದ್ದೀನಲ್ಲ? ಮುಂದಿನ ವಾರ ಹೋಗಿ ಕರೆದುಕೊಂಡು ಬರ್ತೀನಿ.

ನವೆಂಬರ್ ೧೬

ಕರೆದುಕೊಂಡು ಬರಲಿಲ್ಲ.

ಉಮ್ಮತ್ತೂರಿನಲ್ಲಿ ಬಾಗಿಲು ತೆಗೆದವಳು ನಾದಿನಿ ಚಿಕ್ಕಮಾದಮ್ಮ. ನನ್ನನ್ನು ನೋಡಿ ನನ್ನ ಹಿಂದೆ ಬೀದಿಯನ್ನು ನೋಡಿದಳು.

"ಏನ್ ಭಾವ, ಒಬ್ರೇ ಬಂದ್ರಾ? ಮನೇನೂ ಓಡುಸ್ಕಂಡ್ ಬತ್ತೀರಾ ಅನ್ಕಂಡಿದ್ದೆ."

"ಡೀಸೆಲ್ ಇರ್ಲಿಲ್ಲ ಕಣಮ್ಮಿ" ಅಂದೆ.

ಕೂತು ಕಾಫಿ ಕುಡಿದ ಮೇಲೆ ವಿಷಯ ತೆಗೆದೆ. ಉತ್ತರ ಕೊಟ್ಟಿದ್ದೆಲ್ಲ ಚಿಕ್ಕಮಾದಮ್ಮನೇ. "ಹಾಲು ಉಕ್ಕುಸ್ದೆ ಇರೋ ಕಡೆ ಅಕ್ಕ ಎಂಗ್ ಕಾಲಿಡ್ತಾಳೆ ಭಾವ? ಅದೂ ಪಡುವಲ ಬಾಗ್ಲು. ಪಡುವಲ ಬಾಗ್ಲು ನಿಮ್ ಹೆಸ್ರಿಗೆ ಆಗಾಕಿಲ್ಲ ಅಂತ ಆವತ್ತೇ ಅಂದಿರ್ಲಿಲ್ವಾ ನಮ್ಮವ್ವ?"

ಲಕ್ಷ್ಮಿದೇವಿ ಅಕ್ಕಿ ಆರಿಸ್ತಾ ಕೂತಿದ್ದಳು. ನಾನು ಹೊರಡುವಾಗ ಒಂದೇ ಮಾತು ಕೇಳಿದಳು.

"ಚಕ್ರಕ್ಕೆ ಗಾಳಿ ಅದಾ?"

"ಆರಕ್ಕೆ ಆರೂ ಟಣ್ ಅಂತವೆ. ಪ್ರತಿ ಸೋಮವಾರ ಇಂಜಿನ್ನೂ ಸ್ಟಾರ್ಟ್ ಮಾಡಿ ಮಡಗ್ತೀನಿ" ಅಂದೆ.

"ಹೂಂ" ಅಂದು ಮತ್ತೆ ಅಕ್ಕಿ ನೋಡಿದಳು. ಎಷ್ಟಾದರೂ ಡ್ರೈವರ್ ಹೆಂಡತಿ, ಟೈರ್ ಬಗ್ಗೆ ಕಾಳಜಿ ಇದ್ದೇ ಇರುತ್ತೆ. ವಾಪಸ್ ಬರುವಾಗ ಖುಷಿಯಾಗಿದ್ದೆ. ಅಡ್ಡ ಇರೋದು ಬಾಗಿಲು ಒಂದೇ ಅಂತ ಗೊತ್ತಾಯ್ತಲ್ಲ.

ನವೆಂಬರ್ ೨೩

ಪಕ್ಕದ ಹೊಲದ ಗುರುಮಲ್ಲಯ್ಯನವರನ್ನು ಕರೆದು ತೋರಿಸಿದೆ. ಈ ಕಡೆ ಹೊಸ ಮನೆಗಳಿಗೆಲ್ಲ ಪಂಚಾಂಗ ನೋಡಿ ಹಾಲು ಉಕ್ಕಿಸಿ ಕೊಡೋರು ಅವರೇ. ಬಸ್ಸನ್ನು ಒಂದು ಸುತ್ತು ಬಂದರು. ಟೈರನ್ನು ಕೋಲಿನಿಂದ ತಟ್ಟಿದರು.

"ಇದು ಮನೆಯೋ ಗಾಡಿಯೋ, ಮೊದ್ಲು ಅದ ಹೇಳಪ್ಪ. ಗಾಡಿ ಆದ್ರೆ ಚಕ್ರಕ್ಕೆ ನಿಂಬೆಹಣ್ಣು ಮಡಗಿ ಕುಂಬಳಕಾಯಿ ಒಡೀತೀನಿ. ಮನೆ ಆದ್ರೆ ಹೊಸ್ತಿಲು ಪೂಜೆ ಮಾಡಿ ಹಾಲು ಉಕ್ಕುಸ್ತೀನಿ."

"ಎರಡೂ ಸ್ವಾಮಿ."

"ಎರಡೂಕೆ ಮಂತ್ರ ಇಲ್ಲ ಕಣಪ್ಪ."

ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಅದೇನೇ ಇರ್ಲಿ, ಬಾಗ್ಲು ಮೂಡ್ಲಾಗಿ ಬಂದ್ರೆ ಒಳ್ಳೇದು. ಆಮೇಲೆ ನೋಡನ" ಅಂದರು. ಲೋಕದಲ್ಲಿ ಬಾಗಿಲು ತಿರುಗಿಸೋಕೆ ಜನ ಗೋಡೆ ಒಡೆಸ್ತಾರೆ, ಮೇಸ್ತ್ರಿ ಕೈಕಾಲು ಹಿಡೀತಾರೆ. ನನಗೆ ಒಂದು ರಿವರ್ಸ್ ಗೇರ್ ಸಾಕು. ಈ ಮಾತು ಅವರಿಗೆ ಹೇಳಿದೆ. ಅವರು ನಗಲಿಲ್ಲ.

ನವೆಂಬರ್ ೩೦

ತಿರುಗಿಸಿದೆ. ಬಸ್ಸಿನ ಬಾಗಿಲು ಎಡಗಡೆ ತಾನೇ, ಅದು ಪೂರ್ವಕ್ಕೆ ಬರಬೇಕಾದರೆ ಮೂತಿ ದಕ್ಷಿಣಕ್ಕೆ ನಿಲ್ಲಬೇಕು. ಹೊಲದಲ್ಲೇ ತಿರುಗಿಸಬಹುದಾಗಿತ್ತು, ಜಾಗ ಬೇಕಾದಷ್ಟಿತ್ತು. ಆದರೆ ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟ ಮೇಲೆ ನೆಲ ಗಟ್ಟಿ ಇದೆಯೋ ಇಲ್ಲವೋ ಅಂತ ಅನುಮಾನ ಬಂತು. ಗಾಡಿ ಹಾದಿಗೆ ಹೋಗಿ ತಿರುಗಿಸೋಣ ಅಂದುಕೊಂಡೆ. ಗಾಡಿ ಹಾದಿಯಲ್ಲಿ ಎದುರಿಗೆ ಎಮ್ಮೆಗಳು ಬಂದವು, ಊರೊಳಗೆ ಹೋಗಿ ತಿರುಗಿಸೋಣ ಅಂದುಕೊಂಡೆ. ಕೊನೆಗೆ ಕೆರೆ ಏರಿ ಸುತ್ತಿಕೊಂಡು ಬಂದೆ. ಓಡೋಕೆ ಯೋಗ್ಯ ಅನ್ನೋ ಎಫ್‌ಸಿ ಮುಗಿದ ಗಾಡಿ, ಎಫ್‌ಸಿ ಮುಗಿದ ಡ್ರೈವರು. ಈರುಳ್ಳಿ ಎಲ್ಲಾ ಬಸ್ಸಿನ ತುಂಬ ಉರುಳಾಡಿದವು, ಒಲೆ ಪಕ್ಕದ ಎಣ್ಣೆ ಡಬ್ಬಿ ಹಾಸಿಗೆ ಮೇಲೆ ಬಂದು ಮಲಗಿತು. ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಾಕಿದಳು. ನಿಲ್ಲಿಸಿಬಿಟ್ಟೆ ನೋಡಿ, ಅಭ್ಯಾಸ. ಹತ್ತಿ ಒಳಗೆ ಒಲೆ ನೋಡಿ ಇಳಿದುಬಿಟ್ಟಳು.

ಬಹಳ ದಿನ ಆಗಿತ್ತು ಇಷ್ಟು ಚೆನ್ನಾಗಿ ಹಸಿವಾಗಿ.

ಡಿಸೆಂಬರ್ ೧೨

ಚಿಕ್ಕದಾಗಿ ಹೇಳ್ತೀನಿ, ಫೋನಿನಲ್ಲಿ ಚಾರ್ಜ್ ಕಮ್ಮಿ. ಸೋಲಾರ್ ಬ್ಯಾಟರಿ ತುಂಬ್ತಾನೇ ಇಲ್ಲ. ಅನ್ನ ಉಣ್ಣುವಷ್ಟರಲ್ಲಿ ದೀಪ ಕೆಂಪಗಾಗುತ್ತೆ. ಮೋಡ ಇರಬೇಕು ಅಂದುಕೊಂಡೆ, ಆಕಾಶ ನೋಡಿದರೆ ತೊಳೆದಿಟ್ಟ ತಟ್ಟೆ. ಪ್ಯಾನೆಲ್ ಒರೆಸಿದೆ. ಹಿದಾಯತ್‌ಗೆ ಫೋನ್ ಮಾಡಿ ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀಯ ಅಂತ ಬೈದೆ. ಅವನೂ ಬೈದ. ನಿದ್ದೆಯೂ ಸರಿಯಾಗಿ ಬರ್ತಿಲ್ಲ, ಎಂಥೆಂಥದ್ದೋ ಕನಸು, ಬ್ರೇಕ್ ಸಿಗದೇ ಇರೋ ಕನಸು.

ಡಿಸೆಂಬರ್ ೧೯

ನಾಲ್ಕು ಪರ್ಸೆಂಟ್. ಲಕ್ಷ್ಮಿದೇವಿ ಮುಂದಿನ ವಾರ ನೋಡೋಕೆ ಬರ್ತಾಳಂತೆ. ಬಾಗಿಲು ತಿರುಗಿಸಿದ್ದು ಕೇಳಿ ನಕ್ಕಳಂತೆ. ಇಷ್ಟೇ ಸಾಕು, ಆಫ್…

ಡಿಸೆಂಬರ್ ೨೮, ಭಾನುವಾರ

ಊರೊಳಗಿನ ಚಹಾ ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿಕೊಂಡು ಬಂದಿದ್ದೀನಿ, ಹೇಳೋದು ಬಹಳ ಇದೆ.

ಅಕ್ಕ ತಂಗಿ ಇಬ್ಬರೂ ಬೆಳಿಗ್ಗೆ ಬಂದರು. ಲಕ್ಷ್ಮಿದೇವಿ ಮೆಟ್ಟಿಲ ಹತ್ತಿರ ನಿಂತು ಸೂರ್ಯ ಯಾವ ಕಡೆ ಅಂತ ನೋಡಿ ಒಳಗೆ ಬಂದಳು. ಪಾತ್ರೆ ಜೋಡಿಸಿದ್ದು ನೋಡಿದಳು, ಎರಡನ್ನು ಎತ್ತಿ ಬೇರೆ ಕಡೆ ಇಟ್ಟಳು. ಬೇರೆ ಕಡೆ ಇಟ್ಟಳು ಅಂದರೆ ಒಳ್ಳೇ ಲಕ್ಷಣ, ಅಲ್ವಾ? ಕಿಟಕಿಗಳಿಗೆ ಅವಳ ಹಳೇ ಸೀರೆಯ ಪರದೆ ಕಟ್ಟಿದ್ದೆ, ಅದನ್ನು ಮುಟ್ಟಿ ನೋಡಿದಳು. ಚಿಕ್ಕಮಾದಮ್ಮ ಸುಮ್ಮನಿರ್ತಾಳಾ? "ಟಿಕೆಟ್ ಎಲ್ ತಕ್ಕಬೇಕು ಭಾವ?" ಅಂದಳು. ಎಲ್ಲರೂ ನಕ್ಕೆವು. ಎಲ್ಲಾ ಚೆನ್ನಾಗಿತ್ತು.

ಆಗ ಲಕ್ಷ್ಮಿದೇವಿ ಡ್ರೈವರ್ ಸೀಟಿನ ಹತ್ತಿರ ನಿಂತು ಕೇಳಿದಳು. "ಇದು ಇನ್ನೂ ಓಡ್ತದಾ?"

ನನಗೆ ಅದೆಲ್ಲಿಂದ ಹುರುಪು ಬಂತೋ. "ಏನ್ ಇಂಗ್ ಕೇಳ್ತೀಯಾ" ಅಂದೆ. ಬಾಯಲ್ಲಿ ಹೇಳೋದು ಯಾಕೆ ಅಂತ ಕೂತು ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟು. ಪಾತ್ರೆಗಳೆಲ್ಲ ಗಣಗಣ ಅಂದವು. "ಈಗ ಹೇಳು, ಎಲ್ಲಿಗೋಗನ? ಊಟಿ? ಸುಲ್ತಾನ್ ಬತ್ತೇರಿ? ಒಂಟೋಗ್ಬುಡನ" ಅಂತ ಆಕ್ಸಿಲರೇಟರ್ ಕೊಟ್ಟೆ. ಹಿಂದೆ ತಿರುಗಿ ನೋಡಿದರೆ ಅವಳು ಕೆಳಗೆ ಇಳಿದಿದ್ದಳು.

ಊಟಕ್ಕೆ ನಿಲ್ಲಲಿಲ್ಲ. ನಾನು ಮಾಡಿದ ಹುರುಳಿಕಾಳು ಬಸ್ಸಾರು ಹಾಗೇ ಇದೆ. ಮಧ್ಯಾಹ್ನದ ಬಸ್ಸಿಗೆ ಹೋದರು. ಹತ್ತುವಾಗ ಚಿಕ್ಕಮಾದಮ್ಮ ನನ್ನ ಕಡೆ ನೋಡಿ, "ಭಾವ, ನಿಮಗೆ ಬುದ್ಧಿ ಬಾನೆಟ್ ಒಳ್ಗಡೆ ಅದೆ" ಅಂದಳು.

ಡೀಸೆಲ್ ಹೊಗೆ ಆಗಲಿಲ್ಲ ಅಂತ ಕಾಣುತ್ತೆ ಅವಳಿಗೆ. ಸೈಲೆನ್ಸರ್ ಸರಿ ಮಾಡಿಸಬೇಕು.

ಜನವರಿ ೪

ಲಕ್ಷ್ಮಿದೇವಿ ಫೋನ್ ಎತ್ತಲಿಲ್ಲ. ಚಾರ್ಜೂ ಇಲ್ಲ.

ಜನವರಿ ೧೧, ಭಾನುವಾರ

ಹಿದಾಯತ್ ಬಂದಿದ್ದ. ಬ್ಯಾಟರಿ ನೋಡಿದ, ವೈರ್ ನೋಡಿದ, ಛಾವಣಿ ಹತ್ತಿದ. ಪ್ಯಾನೆಲ್ ಪಕ್ಕ ಕೂತ. ಆಮೇಲೆ ನಗು. ಒಬ್ಬ ಮನುಷ್ಯ ಅಷ್ಟು ಹೊತ್ತು ನಗಬಾರದು.

"ಅರೆ ಶಿವರಾಮು, ನಾನ್ ತೆಂಕಲಿಗೆ ಮುಖ ಮಾಡಿ ಕೂರಿಸಿದ್ ಪ್ಯಾನೆಲ್ಲು ಬಡಗಲಿಗೆ ಯಾಕ್ ನೋಡ್ತಾ ಅದೆ?"

ಬಸ್ಸು ತಿರುಗಿದರೆ ಛಾವಣಿಯೂ ತಿರುಗುತ್ತೆ. ಇಷ್ಟು ವರ್ಷ ಬಸ್ಸು ಓಡಿಸಿದವನಿಗೆ ಇದು ಹೊಳೆಯಲಿಲ್ಲ. ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ಓಡಾಡ್ತಿದ್ದಾನೆ, ನನ್ನ ಪ್ಯಾನೆಲ್ ಅವನಿಗೆ ಬೆನ್ನು ತಿರುಗಿಸಿ ಕೂತಿದೆ, ಕೋಪ ಮಾಡಿಕೊಂಡ ನೆಂಟರ ಹಾಗೆ. ಮೂಡಲ ಬಾಗಿಲಿಗೆ ಅಂತ ಮನೆಯ ದೀಪ ಆರಿಸಿಕೊಂಡವನು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

"ಚೌಕಟ್ಟು ಕತ್ತರಿಸಿ ತಿರುಗಿಸ್ಬೇಕು. ಸೀಸನ್ ಕೆಲಸ ಅದೆ, ಆಮೇಲೆ ರಂಜಾನ್ ಬತ್ತದೆ. ಹಬ್ಬ ಆಗ್ಲಿ, ಬತ್ತೀನಿ" ಅಂದ. "ಅಲ್ಲೀವರ್ಗೂ ಗಾಡೀನೇ ತಿರುಗಿಸ್ಕೊಳೋ. ಕರೆಂಟ್ ಬೇಕಾದ್ರೆ ಆ ಕಡೆ, ಹೆಂಡ್ತಿ ಬಂದ್ರೆ ಈ ಕಡೆ."

ಎಂಥ ಐಡಿಯಾ. ಅವನು ಹೋಗೋವರೆಗೂ ಕಾಯಲಿಲ್ಲ, ಅವನ ಫೋನಿನಿಂದಲೇ ಲಕ್ಷ್ಮಿದೇವಿಗೆ ಮಾಡಿದೆ. ಬೇರೆ ನಂಬರ್ ಅಂತ ಎತ್ತಿದಳು. ಬೇಕಾದಾಗ ಮೂಡಲ ಬಾಗಿಲು, ಬೇಕಾದಾಗ ಪಡುವಲ ಬಾಗಿಲು, ಇಂಥ ಅನುಕೂಲ ಯಾವ ಸಿಮೆಂಟ್ ಮನೆಯಲ್ಲಿದೆ ಅಂತ ಹೇಳಿದೆ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಬೆಳಿಗ್ಗೆ ಎದ್ದಾಗ ಮನೆ ಅಲ್ಲೇ ಇರ್ಬೇಕು ಕಣ್ರೀ" ಅಂದಳು.

"ಹ್ಯಾಂಡ್ ಬ್ರೇಕ್ ಚೆನ್ನಾಗದೆ, ಚಕ್ರಕ್ಕೆ ಕಲ್ಲೂ ಕೊಟ್ಟಿವ್ನಿ" ಅಂದೆ.

ಫೋನ್ ಇಟ್ಟಳು. ಹಿದಾಯತ್ ನನ್ನನ್ನೇ ನೋಡ್ತಿದ್ದ, ಈ ಸಲ ನಗಲಿಲ್ಲ. "ನೀನು ಬೆಳಿಗ್ಗೆ ನಾಕಕ್ಕೆ ಎದ್ದು ಫ್ಯಾಕ್ಟರಿ ಬಸ್ ತಕ್ಕಂಡ್ ಓಗೋವಾಗ ಅವ್ರು ಏಳೋರಾ?" ಅಂದ. ಇಲ್ಲ, ಮಲಗಿರ್ತಿದ್ದಳು, ಪಾಪ, ಎಬ್ಬಿಸ್ತಿರಲಿಲ್ಲ ಅಂದೆ. "ಅಚ್ಛಾ" ಅಂದು ಟೂಲ್ಸ್ ಎತ್ತಿಕೊಂಡ. ಇದಕ್ಕೂ ಅದಕ್ಕೂ ಏನು ಸಂಬಂಧವೋ.

ಜನವರಿ ೧೯, ಸೋಮವಾರ

ಇವತ್ತು ಇಂಜಿನ್ ಸ್ಟಾರ್ಟ್ ಮಾಡಲಿಲ್ಲ. ಮರೆತೆ. ಬಸ್ಸನ್ನು ಪ್ಯಾನೆಲ್ ಕಡೆಗೂ ತಿರುಗಿಸಿಲ್ಲ. ನೆಲ ಹಸಿ ಇದೆ. ಹಸಿ ಇಲ್ಲ, ಆದರೂ.

ಫೆಬ್ರವರಿ ೮

ಗುರುಮಲ್ಲಯ್ಯನವರ ಟ್ರೇಲರ್ ಟೈರ್ ಎರಡೂ ಸಿಡಿದಿವೆ. ಅರಿಶಿನ ಕಿತ್ತು ರಾಶಿ ಹಾಕಿದ್ದಾರೆ, ಸಾಗಿಸಬೇಕು. "ಎರಡು ದಿನದ ಮಟ್ಟಿಗೆ ನಿನ್ ಹಿಂದ್ಗಡೆ ಹೊರಗಿನವು ಎರಡು ಕೊಡಪ್ಪ, ಅವು ಕೂರ್ತವೆ" ಅಂದರು. ಹಿಂದೆ ಜೋಡಿ ಚಕ್ರ ತಾನೇ, ಹೊರಗಿನವು ಎರಡು ಹೋದರೂ ಬಸ್ಸು ನಿಲ್ಲುತ್ತೆ. ಬಿಚ್ಚಿ ಕೊಟ್ಟೆ. ನಟ್ಟುಗಳು ತುಕ್ಕು ಹಿಡಿದಿದ್ದವು, ಸ್ಪ್ಯಾನರ್ ಮೇಲೆ ಹತ್ತಿ ಕುಣಿದೆ. ಕುಣಿಯುವಾಗ ರಸ್ತೆಯಲ್ಲಿ ಕೇರಳದ ಕಾರೊಂದು ನಿಧಾನ ಮಾಡಿತು, ಗಾಜು ಇಳಿಸಿ "ರೂಂ ಉಂಡೋ?" ಅಂದರು, ಇಳಿದುಕೊಳ್ಳೋಕೆ ರೂಂ ಇದೆಯಾ ಅಂತ. ನನ್ನ ಅವತಾರ ನೋಡಿ ಅವರೇ ಗಾಜು ಏರಿಸಿಕೊಂಡರು.

ಫೆಬ್ರವರಿ ೨೨

ಟೈರ್ ವಾಪಸ್ ಬಂದಿಲ್ಲ. ನಾನೂ ಕೇಳಿಲ್ಲ. ಕೇಳೋಕೆ ಹೋದರೆ ಅವರು ಅರಿಶಿನ ಬೇಯಿಸ್ತಿರ್ತಾರೆ, ಆ ಹೊಗೆ ಮಧ್ಯೆ ಟೈರ್ ವಿಷಯ ಮಾತಾಡೋದು ಚೆನ್ನಾಗಿರಲ್ಲ.

ಉಳಿದ ನಾಲ್ಕೂ ಬಿಸಿಲಿಗೆ ಬಿರುಕು ಬಿಡ್ತಿವೆ. ರಬ್ಬರ್ ಹಾಳಾಗುತ್ತೆ. ಬಿಚ್ಚಿ ನೆರಳಿನಲ್ಲಿ ಇಟ್ಟರೆ ಬಾಳಿಕೆ ಬರುತ್ತೆ ಅಂತ ಯೋಚನೆ. ಟೈರ್ ಉಳಿಸೋಕೆ, ಬೇರೇನಕ್ಕೂ ಅಲ್ಲ.

ಮಾರ್ಚ್ ೧

ಬಿಚ್ಚಿದೆ. ಹಿದಾಯತ್ ಉಪವಾಸದಲ್ಲೂ ದೊಡ್ಡ ಜಾಕ್ ತಂದುಕೊಟ್ಟ. ಸೈಜುಗಲ್ಲು ಜೋಡಿಸಿ ಬಸ್ಸನ್ನು ಇಳಿಸಿದೆವು. ನಾಲ್ಕೂ ಚಕ್ರ ಹುಣಸೆಮರದಡಿ ಒಂದರ ಮೇಲೊಂದು ಕೂತಿವೆ. ಸ್ಟೀರಿಂಗ್ ಮುಂದೆ ಕೂತು ಹಿಡಿದು ನೋಡಿದೆ. ಮೊದಲಿಗಿಂತ ಸ್ವಲ್ಪ ತಗ್ಗಿನಿಂದ ಕಾಣುತ್ತೆ ಹೊಲ. ಒಲೆ ಒಂದು ಕಡೆಗೆ ವಾಲಿದೆ, ತೊಗರಿಬೇಳೆ ಪಾತ್ರೆಯ ಒಂದು ಮೂಲೆಯಲ್ಲಿ ಮಾತ್ರ ಬೇಯುತ್ತೆ.

ಲಕ್ಷ್ಮಿದೇವಿಗೆ ಹೇಳಿಲ್ಲ. ಹೇಳೋದೇನಿದೆ, ಟೈರ್ ನೆರಳಿಗೆ ಇಟ್ಟೆ ಅಂತಲಾ?

ಮಾರ್ಚ್ ೧೯, ಯುಗಾದಿ

ಗುರುಮಲ್ಲಯ್ಯನವರ ಮನೆಯಿಂದ ಒಬ್ಬಟ್ಟು ಬಂತು, ಹಿಂದೆಯೇ ಅವರೂ ಬಂದರು. ಕಲ್ಲಿನ ಮೇಲೆ ಕೂತ ಬಸ್ಸನ್ನು ಮತ್ತೆ ಒಂದು ಸುತ್ತು ಬಂದರು.

"ಈಗ ಮನೆ ಆಯ್ತು ಕಣಪ್ಪ. ಹೊಸ್ತಿಲು ಕೂರ್ಸನ" ಅಂದರು. ಅವರ ಹಳೇ ಕೊಟ್ಟಿಗೆಯ ಬೇವಿನ ತೊಲೆ ಇದೆಯಂತೆ. ಏಪ್ರಿಲ್‌ನಲ್ಲಿ ಒಂದು ದಿನ ಹೇಳಿದ್ದಾರೆ. ಉಮ್ಮತ್ತೂರಿಗೂ ಅವರೇ ಫೋನ್ ಮಾಡಿ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಚಿಕ್ಕಮಾದಮ್ಮ ಏನೋ ಕೇಳಿದಳು. ಅವರು, "ಹೂನವ್ವ, ಆರೂ ಬಿಚ್ಚವ್ನೆ. ಎರಡು ನನ್ ತಾವೇ ಅವೆ, ಕೊಡಾಕಿಲ್ಲ" ಅಂದರು.

ಕೊಡಲ್ಲ ಅಂದಿದ್ದು ನನಗೆ ಬೇಜಾರೇ ಆಗಲಿಲ್ಲ. ಆಗಬೇಕಿತ್ತು.

ದೀಪ ಈಚೆಗೆ ಊಟ ಮುಗಿಯೋವರೆಗೂ ಉರಿಯುತ್ತೆ. ಬ್ಯಾಟರಿ ಹೊಂದಿಕೊಂಡಿರಬೇಕು.

ಏಪ್ರಿಲ್ ೫

ಹಿದಾಯತ್ ಹಬ್ಬ ಮುಗಿಸಿ ವೆಲ್ಡಿಂಗ್ ಸೆಟ್ ಸಮೇತ ಬಂದ. ಮೀಟರ್ ಹಿಡಿದು ನೋಡಿ, ಬ್ಯಾಟರಿ ಫುಲ್ ಅಂದ. ಇಬ್ಬರೂ ತಲೆಯೆತ್ತಿ ನೋಡಿದೆವು. ಸೂರ್ಯ ಮೆಲ್ಲಗೆ ಉತ್ತರದ ಕಡೆಗೆ ಬಂದಿದ್ದಾನೆ, ಈಗ ಹೆಚ್ಚುಕಮ್ಮಿ ನೆತ್ತಿ ಮೇಲೆ. ಇನ್ನು ಕೆಲವು ದಿನ ಹೋದರೆ ನೇರವಾಗಿ ಪ್ಯಾನೆಲ್ ಎದುರಿಗೇ ಬರ್ತಾನೆ.

"ನಂಗೆ ಮೊದ್ಲೇ ಗೊತ್ತಿತ್ತು" ಅಂದ ಹಿದಾಯತ್.

"ಸುಳ್ ಬುಡು."

"ಚಳಿಗಾಲಕ್ ಮುಂಚೆ ತಿರುಗಿಸ್ಕೊಡ್ತೀನಿ. ಈಗ ಟೀ ಮಾಡು."

ಏಪ್ರಿಲ್ ೨೨

ಹುಣಸೆಮರದಡಿ ಟೈರ್ ಮೇಲೆ ಕೂತು ಹೇಳ್ತಿದ್ದೀನಿ. ಮೆಲ್ಲಗೆ ಮಾತಾಡಬೇಕು, ಲಕ್ಷ್ಮಿದೇವಿ ಒಳಗಿದ್ದಾಳೆ, ಪಾತ್ರೆ ತೊಳೀತಿದ್ದಾಳೆ.

ಬೆಳಿಗ್ಗೆ ಬಂದವಳು ಮೊದಲು ಒಳಗೆ ಹೋಗಲಿಲ್ಲ. ಬಗ್ಗಿ ಬಸ್ಸಿನ ಕೆಳಗೆ ನೋಡಿದಳು. ಕಲ್ಲುಗಳನ್ನು ನೋಡಿದಳು. ಆಮೇಲೆ ಅದೇ ಪ್ರಶ್ನೆ. "ಇದು ಇನ್ನೂ ಓಡ್ತದಾ?"

"ಇಲ್ಲ ಕಣೆ" ಅಂದೆ. ಫೇಲಾದ ಮಾರ್ಕ್ಸ್ ಕಾರ್ಡ್ ತೋರಿಸಿದ ಹಾಗಿತ್ತು ನನಗೆ. ಅವಳು "ಹೂಂ" ಅಂದಳು. ಹೊಸದಾಗಿ ಕೂರಿಸಿದ ಹೊಸ್ತಿಲಿಗೆ ಅರಿಶಿನ ಹಚ್ಚಿದಳು. ಗುರುಮಲ್ಲಯ್ಯನವರ ಅರಿಶಿನವೇ, ನನ್ನ ಟೈರ್ ಮೇಲೆ ಸವಾರಿ ಮಾಡಿದ್ದು. ಹಾಲು ಉಕ್ಕಿತು. ಒಲೆ ವಾಲಿದೆ ಅಂತ ಹೇಳಿದ್ದೆನಲ್ಲ, ಹಾಲೆಲ್ಲ ಒಂದೇ ಕಡೆ ಇಳಿದು ಡ್ರೈವರ್ ಸೀಟಿನ ಕೆಳಗೆ ಹೋಯ್ತು. ಯಾವ ದಿಕ್ಕಿಗೆ ಉಕ್ಕಿದರೆ ಶುಭ ಅಂತ ಚಿಕ್ಕಮಾದಮ್ಮ ಕೇಳಿದ್ದಕ್ಕೆ ಗುರುಮಲ್ಲಯ್ಯ, "ಕ್ಲಚ್ ಕಡೀಕೆ" ಅಂದರು. ಅವರು ನಗೆಚಾಟಿಕೆ ಮಾಡಿದ್ದು ನಾನು ಕಂಡಂತೆ ಇದೇ ಮೊದಲು.

ಊಟ ಆಯ್ತು. ಎಲ್ಲರೂ ಹೋದರು. ಚಿಕ್ಕಮಾದಮ್ಮನೂ ಹೋದಳು. "ಅಕ್ಕ ಒಸಿ ಪಾತ್ರೆ ತೊಳ್ದು ಸಂಜೆ ಬಸ್ಸಿಗೆ ಬತ್ತಾಳೇನೋ" ಅಂದಳು. ಆ "ಏನೋ" ಯಾಕೆ ಹಾಕಿದಳು ಅಂತ ಆಗಿನಿಂದ ಯೋಚನೆ ಮಾಡ್ತಿದ್ದೀನಿ. ಲಕ್ಷ್ಮಿದೇವಿ ಬಟ್ಟೆಬರೆ ತಂದಿಲ್ಲ, ನೋಡಿದೆ. ಬಂದದ್ದು ಒಂದು ಹಾಲಿನ ಪಾತ್ರೆ, ಒಂದು ಕೈಚೀಲ. ಕೈಚೀಲದಲ್ಲಿ ಹೂವು, ಬಾಳೆಹಣ್ಣು ಇದ್ದವು, ಈಗ ಅದು ಖಾಲಿ. ಖಾಲಿ ಚೀಲ ಅಂದರೆ ವಾಪಸ್ ಹೋಗೋ ಚೀಲ. ಇರು ಅಂತ ಬಾಯಿಬಿಟ್ಟು ಕೇಳಬಹುದಿತ್ತು. ಇಷ್ಟು ಮಾತಾಡ್ತೀನಿ, ಅದೊಂದು ಪದ ಗಂಟಲಿನಲ್ಲಿ ಫಸ್ಟ್ ಗೇರ್‌ನಲ್ಲೇ ನಿಂತಿದೆ.

ಸಂಜೆ ಬಸ್ಸು ಕೊನೇ ಬಸ್ಸು. ಕೆರೆ ಏರಿ ತಿರುವಿನಲ್ಲಿ ಹಾರ್ನ್ ಹೊಡೀತಾನೆ, ಆಗ ಹೊರಟರೆ ಸ್ಟಾಪಿಗೆ ಸರಿಯಾಗಿ ಸಿಗುತ್ತೆ. ಅವಳಿಗೂ ಗೊತ್ತು, ಬೆಳಿಗ್ಗೆ ನಾನೇ ಹೇಳಿದ್ದೆ, ಬುದ್ಧಿವಂತ.

ಅಗೋ, ಹೊಡೆದ. ಎರಡು ಸಲ ಹೊಡೆದ.

ಒಳಗೆ ಪಾತ್ರೆ ಸದ್ದು ನಿಂತಿದೆ. ಹೊರಗೆ ಬರ್ತಾಳೆ ಈಗ. ಚೀಲ ಹಿಡಿದು ಬರ್ತಾಳೆ. ನಾನು ಸ್ಟಾಪಿನವರೆಗೂ ಹೋಗಿ ಹತ್ತಿಸಿ ಬರ್ತೀನಿ, ಇನ್ನೇನು ಮಾಡೋದು, ಮುಂದಿನ ಸಲ ಸೈಲೆನ್ಸರ್…

ಬಸ್ಸು ಸ್ಟಾಪಿಗೆ ಬಂತು. ನಿಂತ ಸದ್ದು. ಬಾಗಿಲು ಹಾಕಿದ ಸದ್ದು. ಸೆಕೆಂಡ್ ಗೇರ್. ಥರ್ಡ್. ಹೋಯ್ತು.

ಒಳಗೆ ದೀಪ ಹಾಕಿದಳು. ಬೆಳ್ಳಗೆ ಉರೀತಿದೆ.

"ರೀ… ಏನ್ರೀ, ಒಬ್ರೇ ಕೂತು ಯಾರ್ ತಾವ ಮಾತು? ಒಸಿ ಬನ್ನಿ ಇಲ್ಲಿ. ಹಾಸಿಗೆ ಹಾಸ್ತಾ ಇವ್ನಿ, ತಲೆ ಯಾವ ಕಡೀಕ್ ಮಡಗದು?"

ತಲೆ… ಬಾಲದ ಕಡೆ. ತಡಿ, ಬಾಲ ಈಗ ಯಾವ ಕಡೆ ಇದೆ? ಮೂತಿ ದಕ್ಷಿಣಕ್ಕೆ ತಿರುಗಿಸಿದ ಮೇಲೆ ಬಾಲ… ಅಯ್ಯೋ ಶಿವನೇ. ಐದು ತಿಂಗಳಿಂದ ಉತ್ತರಕ್ಕೆ ತಲೆ ಹಾಕಿ ಮಲಗಿದ್ದೀನಿ. ಬಾಗಿಲು ತಿರುಗಿಸಿದವನು ದಿಂಬು ತಿರುಗಿಸಲಿಲ್ಲ. ಅದಕ್ಕೇ ಆ ಕನಸುಗಳು. ಇದು ಗೊತ್ತಾದರೆ ಇವಳು…

"ರೀ, ಕೇಳುಸ್ತಾ?"

"ಬಂದೆ ಕಣೆ. ಸ್ಟೀರಿಂಗ್ ಕಡೀಕ್ ಮಡಗು, ಬಂದೆ."

ಇಡ್ತೀನಿ.